ನಾನು ನಕ್ಷೆ ಬರೆದದ್ದು

ಕಟ್ಟಡಶಾಸ್ತ್ರಕ್ಕೂ ನನಗೂ ಇರುವ ಸಂಬಂಧ ಇಷ್ಟೆ: ನಮ್ಮಪ್ಪ ಗಾರೆ ಕೆಲಸದವನು. ನಾನು ಓದುತ್ತಿರುವುದು ಚರಿತ್ರೆ, ಅರ್ಥಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಹೀಗಿದ್ದೂ ಕಳೆದ ಬೇಸಗೆಯ ರಜೆಯಲ್ಲಿ, ಊರಿಗೆ ಊರೇ ಬಂದು ಕೂರಬಹುದಾದ ಒಂದು ಕಟ್ಟಡದ ನಕ್ಷೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಎನ್ನುವುದಕ್ಕಿಂತ ತಲೆಯ ಮೇಲೆ ಬಿತ್ತು ಎನ್ನುವುದು ಸರಿ.

ನಮ್ಮೂರಲ್ಲಿ ಅರ್ಜಿ ಬರೆಯುವವಳು ನಾನು. ವೃದ್ಧಾಪ್ಯ ವೇತನದ ಅರ್ಜಿ, ಪಹಣಿಯಲ್ಲಿ ಹೆಸರು ತಪ್ಪಾಗಿರುವ ಅರ್ಜಿ, ಕರೆಂಟಿನ ಕಂಬ ವಾಲಿರುವ ಅರ್ಜಿ, ಎಲ್ಲವೂ ನಮ್ಮ ಮನೆಯ ಜಗಲಿಗೆ ಬರುತ್ತವೆ. ಕಾಲೇಜು ಸೇರಿದ ಮೇಲೆ ನನ್ನ ಅಕ್ಷರಕ್ಕೆ ಏನೋ ಒಂದು ಶಕ್ತಿ ಬಂದಿದೆಯೆಂದು ಜನ ನಂಬಿದ್ದಾರೆ. ನಂಬಿಕೆಗೆ ಕಾರಣ ಕೇಳಬಾರದು. ಯುಗಾದಿ ಕಳೆದ ಮೇಲೆ ಒಂದು ದಿನ ಪಂಚಾಯಿತಿ ಮೆಂಬರು ಬಂದು ಕುಳಿತು, “ನೋಡವ್ವ, ಸಮುದಾಯ ಭವನಕ್ಕೆ ದುಡ್ಡು ಬರೋ ಹಂಗೈತೆ. ಅರ್ಜಿ ಜತೆಗೆ ಒಂದು ಪಿಲಾನು ಕೇಳ್ತಾರೆ. ಸುಮ್ನೆ ನಾಕು ಗೆರೆ ಎಳೆದು ಕೊಡು, ಮಿಕ್ಕಿದ್ದು ಅವರೇ ನೋಡ್ಕಂತಾರೆ” ಎಂದರು. ನಾಲ್ಕು ಗೆರೆ ಎಳೆಯುವುದು ಏನು ಮಹಾ ಎಂದು ನಾನೂ ಹೂಂ ಎಂದೆ.

ನಾಲ್ಕು ಗೆರೆಯ ಸಮುದಾಯ ಭವನ ಪಕ್ಕದ ಊರಿನಲ್ಲಿ ಒಂದಿದೆ. ಅದನ್ನು ಕಟ್ಟುವಾಗ ನಮ್ಮಪ್ಪ ಅಲ್ಲಿ ಗಾರೆ ಕೆಲಸ ಮಾಡಿದ್ದ. ನಾಲ್ಕು ಗೋಡೆ, ಮೇಲೆ ತಗಡಿನ ಷೀಟು, ಮುಂದೆ ಒಂದು ಕಬ್ಬಿಣದ ಷಟರು. ಒಳಗೆ ಒಬ್ಬರು ಮಾತನಾಡಿದರೆ ಅದೇ ಮಾತು ಗೋಡೆಗೆ ಬಡಿದು ಮೂರು ಸಲ ಬರುತ್ತದೆ. ಮಳೆ ಬಂದರಂತೂ ಪಕ್ಕದವರ ಮಾತೂ ಕೇಳದು. ಬೇಸಗೆಯಲ್ಲಿ ಅದರೊಳಗೆ ಒಂದು ಮದುವೆ ನಡೆಯಿತಂತೆ, ಊಟಕ್ಕೆ ಕೂತವರು ಎಲೆ ಎತ್ತಿಕೊಂಡು ಹೊರಗಿನ ಹುಣಿಸೆಮರದ ಕೆಳಗೆ ಬಂದರಂತೆ. ಈಗ ಅದರಲ್ಲಿ ಗೊಬ್ಬರದ ಮೂಟೆಗಳಿವೆ. ಬೀಗದ ಕೈ ಯಾರ ಬಳಿ ಇದೆ ಎಂಬ ವಿಚಾರದಲ್ಲಿ ಆ ಊರಿನಲ್ಲಿ ಎರಡು ಪಂಗಡಗಳಾಗಿವೆ. ಇಂಥದೇ ಇನ್ನೊಂದಕ್ಕೆ ನಾನು ಗೆರೆ ಎಳೆಯಬೇಕೆ ಎಂದು ಆ ರಾತ್ರಿ ಯೋಚನೆ ಹತ್ತಿತು.

ಆಗ ನನಗೆ ನೆನಪಾದದ್ದು ಹೆಗ್ಗೋಡು. ಮೊದಲನೆಯ ವರ್ಷದಲ್ಲಿ ನಮ್ಮ ಕಾಲೇಜಿನ ನಾಟಕ ಸಂಘದವರ ಜತೆ ಅಲ್ಲಿಗೆ ಹೋಗಿದ್ದೆ. ಸಾಗರದ ಹತ್ತಿರದ ಸಣ್ಣ ಹಳ್ಳಿ, ಸುತ್ತ ಅಡಿಕೆ ತೋಟ. ಪ್ರಪಂಚದ ನಾಟಕಗಳನ್ನೆಲ್ಲ ಆಡುವ ಜಾಗ ಎಂದು ಕೇಳಿದ್ದ ನಾನು ಏನೋ ಅರಮನೆಯನ್ನು ಕಲ್ಪಿಸಿಕೊಂಡಿದ್ದೆ. ಕಂಡದ್ದು ನೆಲಕ್ಕೆ ಹತ್ತಿರವಾದ, ಆಡಂಬರವಿಲ್ಲದ ಕಟ್ಟಡಗಳು. ಮನೆಯಲ್ಲಿ ಊಟ ಮುಗಿಸಿದ ಹೆಂಗಸರು ಮಕ್ಕಳು ಮೊಬೈಲಿನ ಬೆಳಕು ಬಿಟ್ಟುಕೊಂಡು ನಡೆದು ಬಂದು, ನೆಂಟರ ಮನೆಗೆ ಬಂದವರಂತೆ ಕುಳಿತರು. ಅದನ್ನು ನೋಡಿದ್ದು ನಾಟಕಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿದೆ (ನಮ್ಮ ನಾಟಕ ಸಂಘದ ಗುರುಗಳು ಕ್ಷಮಿಸಬೇಕು). ಅಲ್ಲಿಯ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ ಇಪ್ಪತ್ತಮೂರು ವರ್ಷ! ಅಂದರೆ ಅಲ್ಲಿ ಮೊದಲು ಜನ ಸೇರಿದರು, ನಾಟಕ ಆಡಿದರು, ಆಮೇಲೆ ಅದಕ್ಕೆ ತಕ್ಕ ಮನೆ ಕಟ್ಟಿಕೊಂಡರು. ರಂಗಶಿಕ್ಷಣ ಕೇಂದ್ರ 1980ರಲ್ಲಿ ಬಂತು, ಊರೂರು ತಿರುಗುವ ‘ತಿರುಗಾಟ’ 1985ರಲ್ಲಿ. ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಆ ಇಪ್ಪತ್ತಮೂರು ವರ್ಷದ ಲೆಕ್ಕವೇ ದೊಡ್ಡದಾಗಿ ಕಂಡಿತು. ನಮ್ಮ ಕಡೆ ಎಲ್ಲವೂ ತಿರುಗುಮುರುಗು. ಮೊದಲು ಮನೆ ಕಟ್ಟಿ, ಷಟರು ಎಳೆದು, ಆಮೇಲೆ ಒಳಗೆ ಏನು ಮಾಡುವುದೆಂದು ಕೇಳುತ್ತೇವೆ.

ಕಾಲೇಜಿನ ಪುಸ್ತಕಾಲಯದಲ್ಲಿ ಕಟ್ಟಡಗಳ ಚಿತ್ರವಿರುವ ಒಂದು ದೊಡ್ಡ ಪುಸ್ತಕವಿದೆ. ಅದನ್ನು ಮನೆಗೆ ಒಯ್ಯಲು ನನಗೆ ವಿಶೇಷ ಅನುಮತಿ ಕೊಟ್ಟ ಗ್ರಂಥಪಾಲಕರಿಗೆ ಕೃತಜ್ಞಳಾಗಿದ್ದೇನೆ. ಅದರಲ್ಲಿ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದ ಒಂದು ಸಂಸ್ಕೃತಿ ಕೇಂದ್ರದ ಚಿತ್ರಗಳಿವೆ. ಅಲ್ಲಿನ ಕನಕ್ ಜನರ ನಾಯಕ ಜ್ಹಾನ್ ಮಾರೀ ಚಿಬಾವು 1989ರಲ್ಲಿ ಕೊಲೆಯಾದ. ಅವನ ಹೆಸರಿನಲ್ಲಿ ಇಟಲಿಯ ಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ ಈ ಕೇಂದ್ರ 1998ರಲ್ಲಿ ತೆರೆಯಿತು. ಕನಕ್ ಜನರ ಗುಡಿಸಲಿನ ಆಕಾರವನ್ನೇ ಹಿಗ್ಗಿಸಿದಂತೆ ಹತ್ತು ಮನೆಗಳು ಸಾಲಾಗಿ ನಿಂತಿವೆ. ಅತ್ಯಂತ ಎತ್ತರದ್ದು 28 ಮೀಟರ್. ಗೋಡೆಗೆ ಎರಡು ಪದರ, ನಡುವೆ ಸಮುದ್ರದ ಗಾಳಿ ಆಡುವಂತೆ ಏರ್ಪಾಡು. ನಾನು ಅಪ್ಪನಿಗೆ ಚಿತ್ರ ತೋರಿಸಿ ಇದನ್ನೆಲ್ಲ ಬಣ್ಣಿಸಿದೆ. ಅಪ್ಪ ಬಹಳ ಹೊತ್ತು ನೋಡಿ, “ಇದು ಎಲ್ಲಿ ಮರ?” ಎಂದ. ಆಫ್ರಿಕದ ಇರೋಕೊ ಎಂಬ ಮರ ಎಂದೆ. “ಆ ಊರಾಗೆ ಮರ ಇರಲಿಲ್ವಾ?” ಎಂದು ಕೇಳಿ ಪುಸ್ತಕ ಮುಚ್ಚಿಕೊಟ್ಟ. ಚೆನ್ನಾಗಿದೆ ಎಂದು ಅಪ್ಪ ಒಪ್ಪದೆ ಇರಲಿಲ್ಲ. ಮನೆಗೆ ಬೇಕಾದ ಸಾಮಾನು ಎತ್ತಿನಗಾಡಿ ಹೋಗಿ ಬರುವಷ್ಟು ದೂರದಲ್ಲೇ ಸಿಗಬೇಕು ಎಂಬುದು ಅವನ ಸಿದ್ಧಾಂತ. ‘ಸುಸ್ಥಿರ’ ಎಂಬ ಮಾತನ್ನು ನಮ್ಮ ಅರ್ಥಶಾಸ್ತ್ರದ ತರಗತಿಯಲ್ಲಿ ಎರಡು ವಾರ ಕೇಳಿದ್ದೆ, ಅಪ್ಪನ ಬಾಯಲ್ಲಿ ಅದು ಒಂದು ಗಾಡಿಯ ದಾರಿಯಾಗಿ ಮುಗಿದುಹೋಯಿತು.

ಆಮೇಲೆ ಒಂದು ವಾರ ಕಾಗದ ಹಿಡಿದು ಊರಲ್ಲಿ ತಿರುಗಿದೆ. ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ: ಇಂಥ ಒಂದು ಜಾಗ ಇದ್ದರೆ ಅಲ್ಲಿ ನೀವು ಏನು ಮಾಡುತ್ತೀರಿ? ಭಾಗವತರು ಮೂಡಲಪಾಯದ ಕುಣಿತ ಎಂದರು. ನಮ್ಮ ಕಡೆಯ ಈ ಯಕ್ಷಗಾನವನ್ನು ಜೀ. ಶಂ. ಪರಮಶಿವಯ್ಯನವರಂಥ ವಿದ್ವಾಂಸರು ಹುಡುಕಿ ಅಭ್ಯಾಸ ಮಾಡಿದ್ದಾರೆ. ನಮ್ಮೂರಲ್ಲಿ ಮಾತ್ರ ಅದರ ಕಿರೀಟ, ಭುಜಕೀರ್ತಿ, ಎದೆಹಾರಗಳು ಭಾಗವತರ ಅಟ್ಟದ ಮೇಲೆ ಒಂದು ಟ್ರಂಕಿನಲ್ಲಿ ಇಲಿಗಳಿಗೆ ಆಶ್ರಯವಾಗಿವೆ. ಕುಣಿಯುವ ಹುಡುಗರು ಬೆಂಗಳೂರಿಗೆ ಹೋಗಿದ್ದಾರೆ, ಹಬ್ಬಕ್ಕೆ ಬಂದಾಗ ಕಲಿಯುತ್ತೇವೆ ಅನ್ನುತ್ತಾರೆ, ಕಲಿಯಲು ಜಾಗವಿಲ್ಲ. ಸ್ತ್ರೀಶಕ್ತಿ ಸಂಘದವರು ವಾರಕ್ಕೊಮ್ಮೆ ಲೆಕ್ಕ ಮಾಡಲು ಜಾಗ ಬೇಕೆಂದರು. ಹುಡುಗರು ಪರೀಕ್ಷೆಗೆ ಓದಲು ದೀಪ ಬೇಕೆಂದರು. ಅಂಗನವಾಡಿಯ ಅಕ್ಕ ತೂಕದ ದಿನಕ್ಕೆ ನೆರಳು ಬೇಕೆಂದರು. ರೈತರು, ಬಾಯಿ ಬಿಟ್ಟು ಹೇಳದಿದ್ದರೂ, ಅಕಾಲದ ಮಳೆ ಬಂದಾಗ ರಾಗಿ ತೆನೆಯನ್ನು ಎಳೆದು ಹಾಕಲು ಒಂದು ಸೂರು ಬೇಕೆಂದೇ ಬಯಸುತ್ತಿದ್ದರು. ಅದನ್ನು ಸಂಸ್ಕೃತಿ ಎನ್ನಬಹುದೋ ಇಲ್ಲವೋ ಎಂದು ಕೊಂಚ ಯೋಚಿಸಿ ಅದನ್ನೂ ಬರೆದುಕೊಂಡೆ. ರಾಗಿ ಇಲ್ಲದೆ ನಮ್ಮೂರಲ್ಲಿ ಯಾವ ಕುಣಿತವೂ ನಡೆದದ್ದಿಲ್ಲ. ನಮ್ಮಜ್ಜಿ ಸೋಬಾನೆ ಹಾಡುವವಳು. ಅವಳನ್ನು ಕೇಳಿದ್ದಕ್ಕೆ, “ಕಕ್ಕಸ್ಸು ಇಡ್ತೀರೇನು?” ಎಂದಳು. ರಾತ್ರಿಯಿಡೀ ಕುಣಿತ ನೋಡಲು ಹೆಂಗಸರು ಏಕೆ ಬರುವುದಿಲ್ಲ ಎಂಬುದಕ್ಕೆ ಅದಕ್ಕಿಂತ ಸರಿಯಾದ ಉತ್ತರವಿಲ್ಲ.

ಒಂದು ಮಾತನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮೂರಲ್ಲಿ ಈಗ ಜನ ಸೇರುವುದು ಗುಡಿಯ ಮುಂದಿನ ಚಾವಡಿಯಲ್ಲಿ. ನಮ್ಮ ಕೇರಿಯವರು ಚಾವಡಿಯ ಕೆಳಗೆ ನಿಲ್ಲುತ್ತಾರೆ. ಯಾರೂ ನಿಲ್ಲಿ ಎಂದು ಹೇಳುವುದಿಲ್ಲ. ಹತ್ತಿ ಕೂತರೆ ಯಾರೂ ಇಳಿಯಿರಿ ಎಂದು ಈ ಕಾಲದಲ್ಲಿ ಹೇಳಲಾರರು ಕೂಡ. ಆದರೂ ನಿಲ್ಲುತ್ತಾರೆ. ತಮಟೆ ನಮ್ಮ ದೊಡ್ಡಪ್ಪನದು. ಅದು ಇಲ್ಲದೆ ಉತ್ಸವ ಹೊರಡದು. ಉತ್ಸವ ಹಿಂದಕ್ಕೆ ಬಂದು ಎಲ್ಲರೂ ಚಾವಡಿ ಹತ್ತಿದ ಮೇಲೆ ದೊಡ್ಡಪ್ಪ ತಮಟೆಯನ್ನು ಮೆಟ್ಟಲಿಗೆ ಒರಗಿಸಿ ಕೆಳಗೆ ನಿಂತು ಬೀಡಿ ಸೇದುತ್ತಾನೆ. ಆ ಚಾವಡಿಯ ನೆಲಕ್ಕೆ ಗಾರೆ ಹಾಕಿದವನು ನಮ್ಮಪ್ಪ.

ಇನ್ನು ಸಾಮಾನಿನ ವಿಚಾರ. ನಮ್ಮ ಎನ್. ಎಸ್. ಎಸ್. ಶಿಬಿರದಲ್ಲಿ ಮಣ್ಣಿನ ಒತ್ತು ಇಟ್ಟಿಗೆ ಮಾಡುವ ಯಂತ್ರವನ್ನು ನೋಡಿದ್ದೆ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಎ. ಕೆ. ಎನ್. ರೆಡ್ಡಿಯವರು ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಎಂಬ ಕೇಂದ್ರ ತೆರೆದರು. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಈ ಇಟ್ಟಿಗೆಯ ಮೇಲೆ ಬಹಳ ಕೆಲಸ ಮಾಡಿದರು. ಮರಳು ಸೇರಿದ ಕೆಂಪು ಮಣ್ಣಿಗೆ ನೂರಕ್ಕೆ ಏಳರಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರು ಹಾಕುತ್ತ ಬಂದರೆ ಆಯಿತು, ಗೂಡಿಗೆ ಹಾಕಿ ಸುಡುವುದಿಲ್ಲ. ಸೌದೆ ಉಳಿಯುತ್ತದೆ. ಅಂಥ ಒಂದು ಇಟ್ಟಿಗೆಯನ್ನು ನಾನು ಶಿಬಿರದಿಂದ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಅಪ್ಪ ಅದನ್ನು ನಂಬದೆ ರಾತ್ರಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟ. ಬೆಳಿಗ್ಗೆ ತೆಗೆದು ಉಗುರಿನಿಂದ ಕೆರೆದು, ಕರಣೆಯ ಹಿಡಿಯಿಂದ ಕುಟ್ಟಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, “ಪರವಾಗಿಲ್ಲ” ಎಂದ. ಅಪ್ಪನ ಪರವಾಗಿಲ್ಲ ಎಂದರೆ ವಿಶ್ವವಿದ್ಯಾಲಯದ ಪ್ರಥಮ ದರ್ಜೆ.

ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರರ ಉಪಾಯಗಳನ್ನೂ ಓದಿ ಹೇಳಿದೆ. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ಗೋಡೆಯ ನಡುವೆ ಟೊಳ್ಳು ಬಿಟ್ಟು ಕಟ್ಟಿದರೆ ನಾಲ್ಕರಲ್ಲಿ ಸುಮಾರು ಒಂದು ಪಾಲು ಇಟ್ಟಿಗೆ ಉಳಿಯುತ್ತದೆ, ಒಳಗೆ ತಂಪೂ ಇರುತ್ತದೆ. ಕಿಟಕಿಯ ಬದಲು ಇಟ್ಟಿಗೆಯನ್ನೇ ಜಾಲಂಧ್ರದಂತೆ ಜೋಡಿಸಿದರೆ ಚೌಕಟ್ಟಿನ ಖರ್ಚಿಲ್ಲ. ಮಾಡಿಗೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬಾತ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಅದು ದೇಶದಲ್ಲೆಲ್ಲ ಹರಡಿದೆ. ನಮ್ಮ ಸುತ್ತಿನ ಊರುಗಳಲ್ಲಿ ಹಳೆಯ ಮನೆ ಕೆಡವಿ ತಾರಸಿ ಹಾಕುವವರು ಹೆಂಚನ್ನು ಹಿತ್ತಿಲಲ್ಲಿ ಪೇರಿಸಿಟ್ಟಿದ್ದಾರೆ, ಕೇಳಿದರೆ ಬಿಟ್ಟಿ ಕೊಡುತ್ತಾರೆ. ಕಟ್ಟಡ 60 ಅಡಿ ಉದ್ದ, 30 ಅಡಿ ಅಗಲ ಎಂದರೆ ಸುಮಾರು 167 ಚದರ ಮೀಟರ್ ಮಾಡು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಬಯಲುಸೀಮೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಬಂತೆಂದು ಹಿಡಿದರೂ ಒಂದು ಲಕ್ಷ ಲೀಟರ್! ಚೆಲ್ಲಿದ್ದು ಆರಿದ್ದು ಕಳೆದು 80,000 ಲೀಟರಾದರೂ ತೊಟ್ಟಿಗೆ ಬರುತ್ತದೆ. ಅಜ್ಜಿಯ ಕಕ್ಕಸ್ಸಿಗೆ ನೀರು ಎಲ್ಲಿಂದ ಎಂಬ ಪ್ರಶ್ನೆಯನ್ನು ಹೀಗೆ ಬಗೆಹರಿಸಿದೆ. ಗಣಿತದಲ್ಲಿ ಹಿಂದಿದ್ದವಳು ಇಷ್ಟು ಲೆಕ್ಕವನ್ನು ತಪ್ಪಿಲ್ಲದೆ ಮಾಡಿದೆನಲ್ಲ ಎಂದು ಹೆಮ್ಮೆಯಾಯಿತು.

ನಕ್ಷೆ ಬರೆದು ಅಪ್ಪನ ಮುಂದೆ ಹಿಡಿದೆ. ಅಪ್ಪ ಕಾಗದವನ್ನು ಒಮ್ಮೆ ಹೀಗೆ ತಿರುಗಿಸಿದ, ಒಮ್ಮೆ ಹಾಗೆ ತಿರುಗಿಸಿದ. ಮೂವತ್ತು ವರ್ಷ ಮನೆಗಳನ್ನು ಕಟ್ಟಿದವನಿಗೆ ಮನೆಯ ಚಿತ್ರ ಓದಲು ಬರುವುದಿಲ್ಲ ಎಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ಮೇಸ್ತ್ರಿ ಹೇಳಿದ ಕಡೆ ದಾರ ಕಟ್ಟಿ ಕಟ್ಟುತ್ತಿದ್ದನಂತೆ. ನನಗೆ ಬಹಳ ಕಸಿವಿಸಿಯಾಯಿತು. ಅಪ್ಪನಿಗೆ ಆಗಲಿಲ್ಲ. “ನೆಲದ ಮ್ಯಾಲೆ ಬರಿ, ಎಲ್ರಿಗೂ ಕಾಣ್ತದೆ” ಎಂದ.

ಊರಿಗೂ ಕೇರಿಗೂ ನಡುವೆ ಹಳೆಯ ಕಣದ ಜಾಗವೊಂದು ಪಂಚಾಯಿತಿಯದು. ಅಂಚಿನಲ್ಲಿ ಒಂದು ಹೊಂಗೆಮರ. ಮಾರನೆಯ ದಿನ ನಸುಕಿನಲ್ಲಿ ಅಪ್ಪ ಗೂಟ, ದಾರ, ಮೂಲೆಮಟ್ಟ ತಂದ. ನಾನು ಸುಣ್ಣದ ಪುಡಿ ಹಿಡಿದೆ. ಹೊತ್ತು ಮಾರುದ್ದ ಏರುವ ಹೊತ್ತಿಗೆ ಅರವತ್ತಡಿ ಉದ್ದದ ಮನೆ ನೆಲದ ಮೇಲೆ ಬಿದ್ದಿತ್ತು. ಮೇಕೆ ಮೇಯಿಸುವ ಹುಡುಗರು ಮೊದಲು ಬಂದರು. ಆಮೇಲೆ ಒಬ್ಬೊಬ್ಬರಾಗಿ ಊರೇ ಬಂತು. ಸೋಜಿಗವೆಂದರೆ, ಗೋಡೆಯೇ ಇಲ್ಲದ ಆ ಮನೆಗೆ ಜನ ಸುಣ್ಣದ ಗೆರೆ ತುಳಿಯದೆ, ನಾನು ಬಿಟ್ಟಿದ್ದ ಬಾಗಿಲಿನ ಜಾಗದಿಂದಲೇ ಒಳಗೆ ಬಂದರು!

ಭಾಗವತರು ರಂಗಸ್ಥಳದ ಜಾಗದಲ್ಲಿ ನಿಂತು ದನಿ ಎತ್ತಿ ಒಂದು ಪದ ಹೇಳಿ, ಕುಣಿಯುವವನು ಎರಡು ಸುತ್ತು ತಿರುಗಿದರೆ ಭುಜಕೀರ್ತಿ ಹಿಮ್ಮೇಳದವರಿಗೆ ತಾಗುತ್ತದೆ, ನಾಲ್ಕಡಿ ಹೆಚ್ಚಿಸು ಎಂದರು. ಹೆಚ್ಚಿಸಿದೆವು. ಹೆಂಗಸರು ಅಡಿಗೆಯ ಜಾಗದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಇಲ್ಲದ ಒಲೆಯನ್ನು ಊದಿ, ಹೊಗೆ ಊಟದ ಪಂಕ್ತಿಗೇ ಹೋಗುತ್ತದೆ, ಪಡುವಲ ಗಾಳಿ ಗೊತ್ತಿಲ್ಲವೇ ನಿನಗೆ ಎಂದು ಬೈದರು. ಅಡಿಗೆಮನೆ ಪಡುವಣದಿಂದ ಮೂಡಣಕ್ಕೆ, ಅಂದರೆ ಕೇರಿಯ ಕಡೆಗೆ, ಬಂತು. ಅಜ್ಜಿ ಕಕ್ಕಸ್ಸಿನ ಚೌಕದವರೆಗೆ ಕೋಲೂರಿ ನಡೆದು ಹೋಗಿ, ಹಿಂದಕ್ಕೆ ಬಂದು, ದೂರ ಸರಿಯಾಗಿದೆ, ಆದರೆ ಅಲ್ಲೊಂದು ದೀಪವಿರಲಿ ಎಂದಳು. ಕಾಗದದ ಮೇಲೆ ಒಂದು ವಾರ ಕೂತು ನನಗೆ ಹೊಳೆಯದಿದ್ದುದೆಲ್ಲ ಒಂದು ಬೆಳಿಗ್ಗೆಯಲ್ಲಿ ತಿಳಿಯಿತು.

ಕಡೆಗೆ ಗೌಡರು ಬಂದರು. ಒಳ್ಳೆಯ ಮನುಷ್ಯರು, ನಾನು ಪಿ.ಯು.ಸಿ. ಪಾಸಾದಾಗ ಮನೆಗೆ ಕರೆಸಿ ಐನೂರು ರೂಪಾಯಿ ಕೊಟ್ಟವರು. ಎಲ್ಲವನ್ನೂ ಕೋಲಿನಿಂದ ಮುಟ್ಟಿ ಮುಟ್ಟಿ ನೋಡಿ, “ಎಲ್ಲಾ ಬೇಸಾಗೈತೆ ಕಣವ್ವ. ಆದ್ರೆ ಒಂದೇ ಬಾಗ್ಲು ಸಾಲಾಕಿಲ್ಲ. ಅಡಿಗೆ ಮನೆ ಪಕ್ಕಕ್ಕೆ ಇನ್ನೊಂದು ಬಾಗ್ಲಿಡು. ನಿಮ್ ಕಡೆಯೋರಿಗೆ ಹತ್ರ ಆಗ್ತದೆ” ಎಂದರು.

ಹತ್ತಿರವೇನೋ ನಿಜ, ಕೇರಿ ಆ ಕಡೆಗೇ ಇದೆ. ಆದರೆ ಅಲ್ಲಿದ್ದ ಎಲ್ಲರಿಗೂ ಆ ಮಾತಿನ ಅರ್ಥ ಗೊತ್ತಾಯಿತು. ಯಾರೂ ಮಾತನಾಡಲಿಲ್ಲ. ಸುಣ್ಣದ ಡಬ್ಬಿ ಹಿಡಿದ ನನ್ನ ಕೈ ನಡುಗುತ್ತಿತ್ತು. ಸಂವಿಧಾನದ ಹದಿನೇಳನೆಯ ವಿಧಿಯ ಮೇಲೆ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವಳು ನಾನು. ಆ ಹೊತ್ತಿನಲ್ಲಿ ಅದರ ಒಂದಕ್ಷರವೂ ಬಾಯಿಗೆ ಬರಲಿಲ್ಲ.

ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರಸಿಕೊಂಡ. ಗೌಡರ ಮುಂದೆ ಅವನು ಇಂದಿಗೂ ಸ್ವರ ಎತ್ತಿ ಮಾತನಾಡುವುದಿಲ್ಲ. “ಬುದ್ಧೀ, ಗ್ವಾಡೆ ಇದ್ರೆ ತಾನೆ ಬಾಗ್ಲು?” ಎಂದ. “ಮೂರು ಕಡೆ ಗ್ವಾಡೇನೇ ತೆಗೆದುಬುಟ್ರೆ ಇಟ್ಟಿಗೆ ಉಳೀತದೆ, ಗಾಳಿ ಬೆಳಕು ಬತ್ತದೆ, ಜಾತ್ರೆ ದಿನ ಜನ ಹೆಚ್ಚಾದ್ರೂ ಹೊರಗೆ ಬಯಲಾಗೆ ಕೂತು ನೋಡಬೋದು. ಕಲ್ಲುಕಂಬ ನಿಲ್ಸಿ ಮಾಡು ಇಳಿಸಿದ್ರೆ ಸಾಕು.” ಹೀಗೆ ಹೇಳುತ್ತ ಬರಿಗಾಲಿನಿಂದ ಸುಣ್ಣದ ಗೆರೆಯನ್ನು ಒರಸುತ್ತ ನಡೆದ. ಬಡಗಣ ಗೋಡೆ ಹೋಯಿತು, ಮೂಡಣದ್ದು ಹೋಯಿತು, ತೆಂಕಣದ್ದೂ ಹೋಯಿತು.

“ದನ ನುಗ್ತಾವಲ್ಲೋ?” ಎಂದರು ಗೌಡರು.

“ಸುತ್ತ ಮಂಡಿಯುದ್ದ ಜಗಲಿ ಕಟ್ಟಿದ್ರೆ ದನ ಹತ್ತಾಕಿಲ್ಲ ಬುದ್ಧಿ. ಜನ ಎಲ್ಲಿಂದ ಬೇಕಾದ್ರೂ ಹತ್ಕಬೋದು.”

ಅಪ್ಪ ಹೇಳಿದ್ದೆಲ್ಲ ಗಾರೆ ಕೆಲಸದವನ ಮಾತು, ಅದರಲ್ಲಿ ಒಂದಕ್ಷರ ಬೇರೆ ಇರಲಿಲ್ಲ. ಗೌಡರು ಅವನ ಮುಖವನ್ನೇ ನೋಡಿದರು. ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆಮೇಲೆ ಹೊಂಗೆಮರದ ಕಡೆ ತಿರುಗಿ, “ಕಲ್ಲುಕಂಬ ಎಷ್ಟು ಬೇಕಾಗ್ತದೆ?” ಎಂದು ಕೇಳಿದರು. ಹನ್ನೆರಡು ಎಂದ ಅಪ್ಪ. ಒಂದು ತಮ್ಮದಿರಲಿ, ಅದರ ಮೇಲೆ ತಮ್ಮ ತಂದೆಯ ಹೆಸರು ಕೆತ್ತಿಸಬೇಕು ಎಂದರು. ಅವರು ಸೋತರೆಂದಾಗಲಿ ಮನಸ್ಸು ತಿರುಗಿತೆಂದಾಗಲಿ ನಾನು ಹೇಳಲಾರೆ. ಅರ್ಜಿಗೆ ಸಹಿ ಮಾಡಿದವರಲ್ಲಿ ಅವರದು ಮೂರನೆಯದು, ಅಷ್ಟು ನನಗೆ ಗೊತ್ತು.

ನನ್ನ ಇಟ್ಟಿಗೆಯ ಲೆಕ್ಕವೆಲ್ಲ ಹಾಳಾಯಿತು. ಈಗ ಗೋಡೆಗಳಿರುವುದು ರಂಗಸ್ಥಳದ ಹಿಂದಿನ ಒಂದು ಕೋಣೆಗೆ ಮತ್ತು ಹೊರಗಿನ ಕಕ್ಕಸ್ಸಿಗೆ ಮಾತ್ರ. ಕೋಣೆಯಲ್ಲಿ ಪುಸ್ತಕದ ಕಪಾಟುಗಳು, ಮೂಡಲಪಾಯದ ಟ್ರಂಕು, ಸಂಘದ ಲೆಕ್ಕದ ಪುಸ್ತಕ. ಅದರ ಮೇಲ್ಭಾಗದಲ್ಲಿ ಬೇಕರರ ಜಾಲಂಧ್ರ. ಅದಕ್ಕೊಂದು ಬೀಗ, ಕೀಲಿ ಅಂಗನವಾಡಿಯ ಅಕ್ಕನ ಬಳಿ, ಪಂಗಡಗಳಾಗುವುದಾದರೆ ಆಗಲಿ. ಉಳಿದ ನಲವತ್ತೆಂಟು ಅಡಿ ಬಯಲಿನಂಥ ಪಡಸಾಲೆ. ಒಬ್ಬರಿಗೆ ಆರು ಚದರಡಿಯಂತೆ ಕೂತರೆ ಇನ್ನೂರ ನಲವತ್ತು ಜನ, ರಂಗಸ್ಥಳದ ಜಾಗ ಕಳೆದರೂ ಇನ್ನೂರಕ್ಕೆ ಮೋಸವಿಲ್ಲ. ಒಂದು ಕಡೆ ಮೆಟ್ಟಲ ಬದಲು ಇಳಿಜಾರು, ಅಜ್ಜಿಯಂಥವರಿಗೆ. ಇದನ್ನೆಲ್ಲ ಮತ್ತೆ ಕಾಗದದ ಮೇಲೆ ಬರೆದು, ಮೂರು ಪ್ರತಿ ಮಾಡಿ ಕಳಿಸಿದೆವು.

ಎರಡು ತಿಂಗಳಾದ ಮೇಲೆ ಕಚೇರಿಯಿಂದ ಒಂದು ಕಾಗದ ಬಂತು. ನಕ್ಷೆಯಲ್ಲಿ ಮುಖ್ಯ ದ್ವಾರ, ಕಿಟಕಿ ಹಾಗೂ ರೋಲಿಂಗ್ ಷಟರ್ ತೋರಿಸಿರುವುದಿಲ್ಲ, ಈ ಬಗ್ಗೆ ವಿವರಣೆ ಸಲ್ಲಿಸತಕ್ಕದ್ದು ಎಂದಿತ್ತು. ಮೆಂಬರು ಗಾಬರಿಯಾಗಿ, ಸುಮ್ಮನೆ ಒಂದು ಷಟರು ಬರೆದುಬಿಡು, ಆಮೇಲೆ ನೋಡಿಕೊಂಡರಾಯಿತು ಎಂದರು. ನಾಲ್ಕು ದಿನ ಆ ಕಾಗದವನ್ನು ಮುಂದಿಟ್ಟುಕೊಂಡು ಕೂತೆ. ಗಾಳಿಯ ಕಾರಣ ಬರೆದೆ, ಖರ್ಚಿನ ಕಾರಣ ಬರೆದೆ, ಮಂಡಿಯುದ್ದದ ಜಗಲಿಯ ಅಳತೆ ಬರೆದೆ. ಇನ್ನೊಂದು ಕಾರಣವನ್ನು ಬರೆಯಲು ಕಚೇರಿಯ ಕನ್ನಡದಲ್ಲಿ ಮಾತು ಸಿಕ್ಕಲಿಲ್ಲ. ಅಪ್ಪನಿಗೆ ಓದಿ ಹೇಳಿದೆ, ಅಷ್ಟು ಸಾಕು ಎಂದ.

ಉತ್ತರ ಇನ್ನೂ ಬಂದಿಲ್ಲ. ಮುಂಗಾರಿನ ಮೊದಲ ಮಳೆಗೇ ಸುಣ್ಣದ ಗೆರೆಗಳು ಕರಗಿಹೋದವು, ಗೂಟಗಳನ್ನು ಮಾತ್ರ ಅಪ್ಪ ಕೀಳಲಿಲ್ಲ. ದೀಪಾವಳಿಗೆ ಊರಿಗೆ ಹೋದಾಗ ನೋಡಿದೆ: ಬೆಂಗಳೂರಿನಿಂದ ಬಂದ ಹುಡುಗರು ನಾಲ್ವರು ಸಂಜೆ ಆ ಗೂಟಗಳ ನಡುವೆ ಭಾಗವತರ ಮುಂದೆ ಹೆಜ್ಜೆ ಹಾಕುತ್ತಿದ್ದರು. ದೊಡ್ಡಪ್ಪ ಹೊಂಗೆಮರದ ಕೆಳಗೆ ಸೌದೆಗೆ ಬೆಂಕಿ ಮಾಡಿ ತಮಟೆ ಕಾಯಿಸುತ್ತಿದ್ದ. ಭಾಗವತರು ಎರಡು ಸಲ ಕೂಗಿ ಕರೆದ ಮೇಲೆ ಎದ್ದು, ಗೂಟಗಳ ಒಳಕ್ಕೆ ಹೋಗಿ ಅವರ ಪಕ್ಕದಲ್ಲಿ ನಿಂತುಕೊಂಡ.